ಕತ್ತಲಲ್ಲಿ ಸಂಕ ದಾಟುವಾಗ: ಕಿವಿ ಆಪರೇಷನ್‌ಗೆ ಮುಂಚೆ, ಆಮೇಲೆ ಒಳಕಿವಿ ಪರೀಕ್ಷೆಯ ಒಂದು ಪ್ರಕರಣ

ಇದು ಸಾಗರದ ಕಡೆಯ ಒಬ್ಬ ಕೊನೆಗೌಡರ ಪ್ರಕರಣ. ಅಡಿಕೆ ಮರ ಹತ್ತಿ ಕೊನೆ, ಅಂದರೆ ಗೊನೆ, ಇಳಿಸುವವರಿಗೆ ಆ ಕಡೆ ಕೊನೆಗೌಡ ಅಂತಾರೆ. ವಯಸ್ಸು 41. ಮೀಸೆ ಚಿಗುರುವ ಮೊದಲೇ ಮರ ಹತ್ತಲು ಶುರು ಮಾಡಿದವರು. ಕೊಯ್ಲು ಮುಗಿದ ಮೇಲೆ, ಮಾರ್ಚ್ ತಿಂಗಳಲ್ಲಿ, ಹೆಂಡತಿಯನ್ನು ಕರೆದುಕೊಂಡು ನಮ್ಮ ಆಸ್ಪತ್ರೆಗೆ ಬಂದರು. ನಾನು ಅಲ್ಲಿ ಆಡಿಯಾಲಜಿಸ್ಟ್. ಆಪರೇಷನ್ ಮಾಡುವುದು ಇಎನ್‌ಟಿ ಸರ್ಜನ್. ಆಪರೇಷನ್‌ಗೆ ಮುಂಚೆ ಮತ್ತು ಆಮೇಲೆ ಕಿವಿ ಎಷ್ಟು ಕೆಲಸ ಮಾಡುತ್ತಿದೆ ಎಂದು ಅಳೆದು ಹೇಳುವುದು ನನ್ನ ಕೆಲಸ.

ಅವರ ದೂರು ಸರಳವಾಗಿತ್ತು. ಎರಡೂ ಕಿವಿ ಮಂದ. ಎಡಗಿವಿ ಜಾಸ್ತಿ ಮಂದ. ಏಳೆಂಟು ವರ್ಷದಿಂದ ನಿಧಾನಕ್ಕೆ ಕಡಿಮೆಯಾಗುತ್ತಾ ಬಂದಿದೆ. ನೋವಿಲ್ಲ, ಸೋರಿಕೆ ಇಲ್ಲ. ಮರದ ಮೇಲಿದ್ದಾಗ ಕೆಳಗಿನವರು ಕೂಗಿದ್ದು ಕೇಳುವುದಿಲ್ಲ. ಕೊನೆಯನ್ನು ಹಗ್ಗದ ಮೇಲೆ ಜಾರಿಸಿ ಬಿಡುವಾಗ ಕೆಳಗೆ ಹಿಡಿಯುವವರು "ತಡಿ" ಅಂದರೆ ತಡೆಯಬೇಕು. ಎರಡು ಸಲ ಕೇಳದೆ ಬಿಟ್ಟಿದ್ದಾರೆ. ಒಂದು ಸಲ ಹುಡುಗನೊಬ್ಬನ ಭುಜಕ್ಕೆ ಬಡಿದಿದೆ. ಆಮೇಲಿಂದ ಅವರಿಗೆ ಕೆಲಸದ ಮೇಲೇ ಹೆದರಿಕೆ ಹತ್ತಿತ್ತು.

ಮಾತಾಡುವಾಗ ಒಂದು ವಿಷಯ ಗಮನಿಸಿದೆ. ಇಷ್ಟು ಮಂದ ಕಿವಿಯವರು ಸಾಮಾನ್ಯವಾಗಿ ಗಟ್ಟಿಯಾಗಿ ಮಾತಾಡುತ್ತಾರೆ. ಇವರದ್ದು ಮೆಲುದನಿ. "ಬಸ್ಸಲ್ಲಿ, ಅಡಿಕೆ ಸುಲಿಯೋ ಮೆಷಿನ್ ಹತ್ರ ನಂಗೆ ಚೆನ್ನಾಗೇ ಕೇಳ್ತದೆ ಮೇಡಂ, ಮನೇಲೇ ಕೇಳಲ್ಲ" ಅಂದರು. ಈ ಎರಡು ಗುಣ ಸೇರಿದರೆ ನಮಗೆ ಮೊದಲು ನೆನಪಾಗುವುದು ಓಟೋಸ್ಕ್ಲೆರೋಸಿಸ್. ನಡುಕಿವಿಯಲ್ಲಿ ಕುದುರೆಯ ರಿಕಾಪಿನ ಆಕಾರದ ಒಂದು ಮೂಳೆ ಇದೆ, ಸ್ಟೇಪೀಸ್ ಅಂತ. ನಮ್ಮ ಮೈಯಲ್ಲಿರುವ ಅತಿ ಚಿಕ್ಕ ಮೂಳೆ ಅದೇ, ಸುಮಾರು 3 ಮಿಲಿಮೀಟರ್. ಶಬ್ದ ಬಂದಾಗ ಅದು ಒಳಕಿವಿಯ ಬಾಗಿಲಲ್ಲಿ ಪಿಸ್ಟನ್ ಹಾಗೆ ಆಡುತ್ತಿರಬೇಕು. ಸುತ್ತ ಹೊಸ ಮೂಳೆ ಬೆಳೆದು ಅದು ಕಚ್ಚಿಕೊಂಡರೆ ಶಬ್ದ ಒಳಗೆ ಹೋಗುವುದಿಲ್ಲ. ಆದರೆ ಸ್ವಂತ ದನಿ ತಲೆಬುರುಡೆಯ ಮೂಲಕ ಒಳಕಿವಿಗೆ ಚೆನ್ನಾಗೇ ಮುಟ್ಟುತ್ತದೆ. ಅದಕ್ಕೇ ಮೆಲುದನಿ. ಗದ್ದಲದಲ್ಲಿ ಎಲ್ಲರೂ ದನಿ ಏರಿಸಿ ಮಾತಾಡುತ್ತಾರೆ, ಆ ಗದ್ದಲ ಮಾತ್ರ ಇವರಿಗೆ ಅರ್ಧವೂ ಕೇಳುವುದಿಲ್ಲ. ಅದಕ್ಕೇ ಬಸ್ಸಿನಲ್ಲಿ ಸಲೀಸು.

ಆಡಿಯೋಗ್ರಾಮ್ ಮಾಡಿದೆ. ಹೆಡ್‌ಫೋನಿನಲ್ಲಿ ಶಬ್ದ ಕೊಟ್ಟು ಅಳೆಯುವುದು ಗಾಳಿಯ ದಾರಿ. ಕಿವಿಯ ಹಿಂದಿನ ಮೂಳೆಗೆ ವೈಬ್ರೇಟರ್ ಇಟ್ಟು ಅಳೆಯುವುದು ಮೂಳೆಯ ದಾರಿ. ಮೂಳೆಯ ದಾರಿ ನಡುಕಿವಿಯನ್ನು ಬಿಟ್ಟು ನೇರ ಒಳಕಿವಿಗೆ ಹೋಗುವುದರಿಂದ, ಅದೇ ಒಳಕಿವಿಯ ನಿಜವಾದ ಲೆಕ್ಕ. ಎಡಗಿವಿಯಲ್ಲಿ ಗಾಳಿಯ ದಾರಿಯ ಸರಾಸರಿ 61 ಡೆಸಿಬಲ್, ಮೂಳೆಯದ್ದು 24. ಬಲಗಿವಿಯಲ್ಲಿ ಗಾಳಿ 51, ಮೂಳೆ 21. ಈ ಅಂಕಿ ಹೆಚ್ಚಿದಷ್ಟೂ ಮಂದ ಹೆಚ್ಚು. ಅಂದರೆ ಎರಡೂ ಕಡೆ ಒಳಕಿವಿಗೆ ಕೇಳುವ ಶಕ್ತಿ ಇದೆ, ಶಬ್ದ ಬಾಗಿಲಲ್ಲೇ ನಿಂತಿದೆ. ಮೂಳೆಯ ದಾರಿಯ ಗೆರೆಯಲ್ಲಿ 2000 ಹರ್ಟ್ಸ್ ಬಳಿ ಒಂದು ತಗ್ಗು ಇತ್ತು. ರೇಮಂಡ್ ಕಾರ್ಹಾರ್ಟ್ 1950ರಲ್ಲಿ ಬರೆದ ತಗ್ಗು ಅದು, ಈ ಕಾಯಿಲೆಯ ಗುರುತು. ಕಿವಿತಮಟೆ ಸರಿ ಇತ್ತು, ಸ್ಟೇಪೀಸಿನ ಸ್ನಾಯು ಸೆಳೆಯುವ ರಿಫ್ಲೆಕ್ಸ್ ಎರಡೂ ಕಡೆ ಇರಲಿಲ್ಲ. ಅನುಮಾನಕ್ಕೆ ಜಾಗವೇ ಇರಲಿಲ್ಲ.

ಇದಕ್ಕೆ ಆಪರೇಷನ್ ಇದೆ. ಅಮೆರಿಕದ ಜಾನ್ ಶಿಯಾ 1956ರಲ್ಲಿ ಕಚ್ಚಿಕೊಂಡ ಸ್ಟೇಪೀಸ್ ತೆಗೆದು ಟೆಫ್ಲಾನ್ ಮೂಳೆ ಕೂರಿಸಿದರು. ಈಗ ಪೂರ್ತಿ ತೆಗೆಯುವುದಿಲ್ಲ. ಅದರ ತಳದಲ್ಲಿ ಒಂದು ಸಣ್ಣ ತೂತು ಮಾಡಿ ಅರ್ಧ ಮಿಲಿಮೀಟರ್ ಆಸುಪಾಸಿನ ಪಿಸ್ಟನ್ ಇಡುತ್ತಾರೆ. ಸ್ಟೇಪೆಡಾಟಮಿ ಅಂತಾರೆ. ಫಲಿತಾಂಶ ಬಹಳ ಚೆನ್ನಾಗಿದೆ. ಆದರೆ ಮುಟ್ಟುತ್ತಿರುವುದು ಒಳಕಿವಿಯ ಗೋಡೆಯನ್ನು. ನೂರರಲ್ಲಿ ಸುಮಾರು ಒಬ್ಬರಿಗೆ ಆ ಕಿವಿ ಪೂರ್ತಿ ಹೋಗುವ ಅಪಾಯ ಇದೆ ಎಂದು ಆಪರೇಷನ್‌ಗೆ ಮುಂಚೆಯೇ ಹೇಳುವುದು ರೂಢಿ. ಹೋಗುವುದು ಕೇಳುವ ಶಕ್ತಿ ಮಾತ್ರ ಅಲ್ಲ. ಆ ಬಾಗಿಲಿನ ಹಿಂದೆಯೇ, ಕೆಲವೇ ಮಿಲಿಮೀಟರ್ ಆಚೆ, ಅದೇ ದ್ರವದಲ್ಲಿ ಸಮತೋಲದ ಚೀಲಗಳೂ ಇವೆ.

ಸರ್ಜನ್‌ಗಳಲ್ಲಿ ಒಂದು ನಿಯಮ ಇದೆ: ಜಾಸ್ತಿ ಮಂದ ಇರುವ ಕಿವಿಗೆ ಮೊದಲು. ಏನಾದರೂ ಹೆಚ್ಚುಕಮ್ಮಿ ಆದರೂ ಒಳ್ಳೆಯ ಕಿವಿ ಉಳಿದಿರುತ್ತದೆ ಅಲ್ವಾ? ಒಳ್ಳೆಯ ನಿಯಮವೇ. ಅದರ ಪ್ರಕಾರ ಎಡಗಿವಿಗೆ ಎಂದು ಚೀಟಿ ಬರೆದಾಗಿತ್ತು.

ಆಡಿಯೋಗ್ರಾಮ್ ಕೊಟ್ಟು ಕಳಿಸುವ ಮೊದಲು ನಾನು ಎಲ್ಲರಿಗೂ ಒಂದು ಪ್ರಶ್ನೆ ಕೇಳುತ್ತೇನೆ: ತಲೆ ಸುತ್ತು ಬರುತ್ತಾ? ಇವರು ಇಲ್ಲ ಅಂದರು. "ತಲೆ ಸುತ್ತಿದ್ರೆ ಮರ ಹತ್ತಕ್ಕೆ ಆಗ್ತದಾ ಮೇಡಂ?" ನ್ಯಾಯವಾದ ಮಾತು. ನಾನೂ ಫೈಲ್ ಮುಚ್ಚುತ್ತಿದ್ದೆ. ಆಗ ಹೆಂಡತಿ, ಬಾಗಿಲ ಹತ್ತಿರ ಚೀಲ ಹಿಡಿದು ನಿಂತವರು, ಮೆಲ್ಲಗೆ ಹೇಳಿದರು: "ಹಗಲು ಏನಿಲ್ಲ. ಕತ್ಲಾದ ಮೇಲೆ ಸಂಕ ದಾಟೋವಾಗ ನನ್ನ ಭುಜ ಹಿಡ್ಕಳ್ತಾರೆ."

ಸಂಕ ಅಂದರೆ ಹಳ್ಳಕ್ಕೆ ಅಡ್ಡ ಹಾಕಿದ ಮರದ ದಿಮ್ಮಿ, ಕಾಲು ಸೇತುವೆ. ಹಗಲಲ್ಲಿ ಐವತ್ತು ಅಡಿ ಮೇಲೆ, ಕಾಲಿಗೆ ತಳೆ ಹಾಕಿಕೊಂಡು, ಒಂದು ಮರದಿಂದ ಇನ್ನೊಂದು ಮರಕ್ಕೆ ಜೀಕಿ ಹಿಡಿಯುವ ಮನುಷ್ಯ. ಕತ್ತಲಲ್ಲಿ ಹತ್ತು ಹೆಜ್ಜೆಯ ಸಂಕಕ್ಕೆ ಹೆಂಡತಿಯ ಭುಜ ಹಿಡಿಯುತ್ತಾರೆ. ನಾವು ಬೀಳದೆ ನಿಲ್ಲುವುದು ಕಣ್ಣು, ಕಾಲಿನ ಸ್ಪರ್ಶ, ಒಳಕಿವಿ ಈ ಮೂರರ ನೆರವಿನಿಂದ. ಕತ್ತಲಾದರೆ ಕಣ್ಣಿನ ನೆರವು ಹೋಯಿತು. ಆಗ ತಡವರಿಸಿದರೆ ಉಳಿದ ಎರಡರಲ್ಲಿ ಒಂದು ಸೊರಗಿದೆ ಅಂತ ಅರ್ಥ. ಮರ ಹತ್ತುವ ಕಾಲಿಗೆ ಏನೂ ಆಗಿರಲಿಲ್ಲ.

ಮತ್ತೆ ಕೂರಿಸಿ ಕೇಳಿದೆ. ಆರು ವರ್ಷದ ಹಿಂದೆ ಒಂದು ಬೆಳಿಗ್ಗೆ ಎದ್ದವರಿಗೆ ಮನೆಯೇ ತಿರುಗಿತ್ತಂತೆ. ವಾಂತಿ. ಒಂದು ವಾರ ಚಾಪೆ ಬಿಟ್ಟು ಏಳಲಿಲ್ಲ. "ಪಿತ್ತ ಕೆರಳಿದೆ" ಅಂತ ಕಷಾಯ ಕುಡಿದರು. ತಿಂಗಳಲ್ಲಿ ಸರಿಹೋಯಿತು, ಮರ ಹತ್ತಿದರು, ಮರೆತರು. ಮನೆಯವರಿಗೂ ನೆನಪಿದ್ದದ್ದು ವಾಂತಿಯೊಂದೇ.

ಅವರನ್ನು ಎದುರಿಗೆ ಕೂರಿಸಿ, ನನ್ನ ಮೂಗನ್ನೇ ನೋಡುತ್ತಿರಿ ಎಂದು ಹೇಳಿ, ತಲೆಯನ್ನು ಎರಡೂ ಕೈಯಲ್ಲಿ ಹಿಡಿದು ಸ್ವಲ್ಪವೇ, ಆದರೆ ಚಕ್ಕನೆ ತಿರುಗಿಸಿದೆ. ಎಡಕ್ಕೆ ತಿರುಗಿಸಿದಾಗ ಕಣ್ಣು ನನ್ನ ಮೂಗಿನ ಮೇಲೇ ಅಂಟಿಕೊಂಡಿತ್ತು. ಬಲಕ್ಕೆ ತಿರುಗಿಸಿದಾಗ ಕಣ್ಣೂ ತಲೆಯ ಜೊತೆ ಹೊರಟು ಹೋಯಿತು, ಆಮೇಲೆ ಎಚ್ಚೆತ್ತು ಹಾರಿ ವಾಪಸ್ ಬಂತು. ಆ ಸಣ್ಣ ಹಾರುವಿಕೆಯನ್ನು ಒಮ್ಮೆ ಕಂಡವರು ಮರೆಯುವುದಿಲ್ಲ. ಹಾಲ್ಮಾಗಿ ಮತ್ತು ಕರ್ಥಾಯ್ಸ್ 1988ರಲ್ಲಿ ವಿವರಿಸಿದ ಪರೀಕ್ಷೆ ಇದು. ಯಂತ್ರ ಬೇಡ, ಖರ್ಚಿಲ್ಲ, ಎರಡು ನಿಮಿಷ ಸಾಕು. ಬಲಗಿವಿ ಮೆದುಳಿಗೆ ತಲೆ ತಿರುಗಿದ ಸುದ್ದಿ ಕಳಿಸುತ್ತಿಲ್ಲ ಎಂದು ಅಲ್ಲೇ ಗೊತ್ತಾಯಿತು.

ಆಪರೇಷನ್ ಮುಂದಕ್ಕೆ ಹಾಕಿ, ಎರಡು ದಿನ ಬಿಟ್ಟು ಪೂರ್ತಿ ಪರೀಕ್ಷೆಗೆ ಕರೆಸಿದೆವು.

ಮೊದಲು ವಿ-ಹಿಟ್. ಅದೇ ತಲೆ ತಿರುಗಿಸುವ ಪರೀಕ್ಷೆ, ಕಣ್ಣಿಗೆ ಕ್ಯಾಮೆರಾ ಇರುವ ಕನ್ನಡಕ ಹಾಕಿ ಅಳೆಯುವುದು. ತಲೆ ತಿರುಗಿದಷ್ಟೇ ಕಣ್ಣು ಎದುರು ದಿಕ್ಕಿಗೆ ತಿರುಗಿದರೆ ಅಂಕ 1. ತಲೆ ತಿರುಗಿದ್ದನ್ನು ಗುರುತಿಸುವ ಮೂರು ನಾಳ ಒಂದೊಂದು ಒಳಕಿವಿಯಲ್ಲೂ ಇವೆ: ಅಡ್ಡ, ಮುಂದಿನ, ಹಿಂದಿನ. ಅಡ್ಡ ನಾಳಕ್ಕೆ 0.8ರ ಮೇಲಿದ್ದರೆ ಸರಿ. ಇವರಿಗೆ ಎಡಗಡೆ 0.95. ಬಲಗಡೆ 0.35. ಬಲಗಿವಿಯ ಮುಂದಿನ ನಾಳವೂ ಸೊರಗಿತ್ತು. ಹಿಂದಿನ ನಾಳ ಮಾತ್ರ ಗಟ್ಟಿಯಾಗಿತ್ತು. ಸಮತೋಲದ ನರಕ್ಕೆ ಎರಡು ಕವಲು. ಮೇಲಿನ ಕವಲಿಗೆ ಊತ ಬಂದು ಹಾಳಾದರೆ ಸರಿಯಾಗಿ ಹೀಗೇ ಕಾಣುತ್ತದೆ. ಆರು ವರ್ಷದ ಹಿಂದಿನ ಪಿತ್ತ ಪಿತ್ತವಾಗಿರಲಿಲ್ಲ.

ಆಮೇಲೆ ಕ್ಯಾಲೊರಿಕ್. ಇದು ಹಳೆಯದು, ರೋಗಿಗೆ ಸ್ವಲ್ಪ ಕಷ್ಟದ್ದು. ವಿಯೆನ್ನಾದಲ್ಲಿ ರಾಬರ್ಟ್ ಬಾರಾನಿ ಎಂಬ ವೈದ್ಯರು ರೋಗಿಗಳ ಕಿವಿ ತೊಳೆಯುವಾಗ, ನೀರು ತಣ್ಣಗಿದ್ದರೂ ತಲೆ ಸುತ್ತುತ್ತದೆ, ಬಿಸಿಯಾದರೂ ಸುತ್ತುತ್ತದೆ, ಆದರೆ ಕಣ್ಣು ಅದುರುವ ದಿಕ್ಕು ಮಾತ್ರ ತಿರುವುಮುರುವು ಎಂದು ಕಂಡುಕೊಂಡರು. ಅದಕ್ಕೆ 1914ರ ನೊಬೆಲ್ ಬಂತು. ಸುದ್ದಿ ಬಂದಾಗ ಅವರು ರಷ್ಯಾದಲ್ಲಿ ಯುದ್ಧಕೈದಿ. ಈಗಲೂ ನಾವು ಮಾಡುವುದು ಅದನ್ನೇ: ತಲೆ 30 ಡಿಗ್ರಿ ಎತ್ತಿ ಮಲಗಿಸಿ, ಒಂದೊಂದು ಕಿವಿಗೆ 30 ಡಿಗ್ರಿ ಮತ್ತು 44 ಡಿಗ್ರಿ ಸೆಲ್ಸಿಯಸ್ ನೀರು. ಮೈಯ ಬಿಸಿಗಿಂತ ಏಳು ಕಡಿಮೆ, ಏಳು ಹೆಚ್ಚು.

ಎಡಗಿವಿಗೆ ನೀರು ಬಿಟ್ಟ ಅರ್ಧ ನಿಮಿಷದಲ್ಲಿ ಅವರು ಮಂಚದ ಎರಡೂ ಅಂಚನ್ನು ಗಟ್ಟಿಯಾಗಿ ಹಿಡಿದರು. ಬೆರಳ ಗಂಟು ಬಿಳಿಚಿಕೊಂಡವು. ಮರ ಹಿಡಿಯುವ ಹಿಡಿತ ಅದು. ಈ ಹೊತ್ತಿನಲ್ಲಿ ರೋಗಿ ಸುಮ್ನೆ ಮಲಗಬಾರದು, ಮನಸ್ಸು ಮಂಕಾದರೆ ಕಣ್ಣಿನ ಅದುರು ಅಡಗುತ್ತದೆ. ಏನಾದರೂ ಮಾತಾಡಿಸುತ್ತಿರಬೇಕು. ಮಂದ ಕಿವಿ, ಮೇಲೆ ಕಣ್ಣಿಗೆ ಕತ್ತಲೆ ಕನ್ನಡಕ. ಹತ್ತಿರ ಬಾಗಿ ಕೂಗಿದೆ: ಅಡಿಕೆಯ ಬಗೆ ಹೇಳಿ! "ರಾಶಿ... ಬೆಟ್ಟೆ... ಗೊರಬಲು... ಅಯ್ಯೋ ಮೇಡಂ, ಮರ ಬೀಳ್ತಾ ಉಂಟು... ಸರಕು... ಚಾಲಿ..." ಪರದೆಯ ಮೇಲೆ ಕಣ್ಣಿನ ಗೆರೆ ಗರಗಸದ ಹಲ್ಲಿನ ಹಾಗೆ ಓಡುತ್ತಿತ್ತು. ಬಲಗಿವಿಗೆ ಅದೇ ನೀರು ಬಿಟ್ಟಾಗ ಏನೂ ಇಲ್ಲ. ಗೆರೆ ಹೆಚ್ಚುಕಡಿಮೆ ನೇರ. "ನೀರು ಬಿಟ್ರಾ?" ಅಂತ ಅವರೇ ಕೇಳಿದರು. ಎಡಗಿವಿಯ ಎರಡೂ ನೀರಿಗೆ ಕಣ್ಣು ಸರಿದ ವೇಗ ಸೇರಿ ಸೆಕೆಂಡಿಗೆ 38 ಡಿಗ್ರಿ, ಬಲಗಿವಿಯದ್ದು 3. ಸೂತ್ರಕ್ಕೆ ಹಾಕಿದರೆ ಬಲಗಡೆ 85 ಶೇಕಡಾ ದುರ್ಬಲ. 25ರ ಆಸುಪಾಸು ದಾಟಿದರೇ ನಾವು ಗಮನ ಕೊಡುತ್ತೇವೆ.

ಇಲ್ಲಿ ಎಚ್ಚರ ಬೇಕಾದ ಒಂದು ವಿಷಯ ಹೇಳಲೇಬೇಕು. ವೆಂಪ್ ಎಂಬ ಇನ್ನೊಂದು ಪರೀಕ್ಷೆ ಇದೆ. ದೊಡ್ಡ ಶಬ್ದ ಕೊಟ್ಟು ಕುತ್ತಿಗೆಯ ಸ್ನಾಯುವಿನಲ್ಲಿ ಒಳಕಿವಿಯ ಚೀಲದ ಪ್ರತಿಕ್ರಿಯೆ ಹಿಡಿಯುವುದು. ಸ್ಟೇಪೀಸ್ ಕಚ್ಚಿಕೊಂಡವರಿಗೆ ಇದನ್ನು ಹೆಡ್‌ಫೋನಿನಲ್ಲಿ ಮಾಡಿದರೆ ಎರಡೂ ಕಡೆ ಶೂನ್ಯ ಬರುತ್ತದೆ. ಚೀಲ ಸತ್ತಿದೆ ಅಂತಲ್ಲ, ಶಬ್ದವೇ ಅಲ್ಲಿಗೆ ತಲುಪುತ್ತಿಲ್ಲ. ರಿಪೋರ್ಟಿನಲ್ಲಿ "ಪ್ರತಿಕ್ರಿಯೆ ಇಲ್ಲ" ಎಂದು ಬರೆದುಬಿಟ್ಟರೆ ಓದುವವರು ದಾರಿ ತಪ್ಪುತ್ತಾರೆ. ಇಂಥವರಿಗೆ ಮೂಳೆಯ ಮೂಲಕ ಕಂಪನ ಕೊಟ್ಟೇ ಮಾಡಬೇಕು. ಹಾಗೆ ಮಾಡಿದಾಗ ಇವರಿಗೆ ಎರಡೂ ಕಡೆ ಪ್ರತಿಕ್ರಿಯೆ ಬಂತು. ಬಲಗಿವಿಯ ಸಮತೋಲ ಪೂರ್ತಿ ಸತ್ತಿರಲಿಲ್ಲ, ಕೆಳಗಿನ ಕವಲು ಜೀವಂತ ಇತ್ತು.

ಕೊನೆಗೆ ದಪ್ಪ ಫೋಮ್ ಮೇಲೆ ನಿಲ್ಲಿಸಿದೆ. ಕಣ್ಣು ತೆರೆದಾಗ ಕಂಬದ ಹಾಗೆ ನಿಂತರು. ಕಣ್ಣು ಮುಚ್ಚಿ ಎಂದ ನಾಲ್ಕನೇ ಸೆಕೆಂಡಿಗೆ ಬಲಕ್ಕೆ ವಾಲಿದರು, ನಾನು ಹಿಡಿದೆ. ಅವರ ಮುಖದಲ್ಲಿ ಕಂಡದ್ದು ಆಶ್ಚರ್ಯ. ಇಷ್ಟು ವರ್ಷ ಕಣ್ಣೇ ತಮ್ಮನ್ನು ಹಿಡಿದು ನಿಲ್ಲಿಸಿತ್ತು ಎಂದು ಅವರಿಗೆ ಗೊತ್ತಿರಲಿಲ್ಲ.

ಈಗ ಚೀಟಿಯನ್ನು ಮತ್ತೆ ನೋಡಿ. ಎಡಗಿವಿಗೆ ಆಪರೇಷನ್. ಕೇಳುವ ಲೆಕ್ಕದಲ್ಲಿ ಅದು ಕೆಟ್ಟ ಕಿವಿ. ಸಮತೋಲದ ಲೆಕ್ಕದಲ್ಲಿ ಪೂರ್ತಿ ಗಟ್ಟಿ ಇರುವುದು ಅದೊಂದೇ. ನೂರಕ್ಕೆ ಒಂದು ಎನ್ನುವ ಆ ಅಪಾಯ ಅಲ್ಲಿ ಆಗಿದ್ದರೆ ಎರಡೂ ಕಡೆ ಇಲ್ಲದಂತಾಗುತ್ತಿತ್ತು. ಅದು ಹೇಗಿರುತ್ತದೆ ಎಂದು ಅಮೆರಿಕದ ಒಬ್ಬ ವೈದ್ಯ 1952ರಲ್ಲಿ ತನ್ನ ಅನುಭವ ಬರೆದಿದ್ದಾರೆ. ಸ್ಟ್ರೆಪ್ಟೊಮೈಸಿನ್‌ನಿಂದ ಅವರ ಎರಡೂ ಒಳಕಿವಿಯ ಸಮತೋಲ ಹೋಗಿತ್ತು. ಹಾಸಿಗೆಯಲ್ಲಿ ಓದಲು ತಲೆಯನ್ನು ಮಂಚದ ಸರಳುಗಳ ನಡುವೆ ಒತ್ತಿ ಇಟ್ಟುಕೊಳ್ಳಬೇಕಿತ್ತು. ಇಲ್ಲದಿದ್ದರೆ ನಾಡಿ ಬಡಿತಕ್ಕೇ ಅಕ್ಷರ ಕುಣಿಯುತ್ತಿದ್ದವು. ನಡೆದರೆ ಜಗತ್ತೇ ಕುಲುಕುತ್ತಿತ್ತು. ಕೊನೆಗೌಡರೊಬ್ಬರು ಹಾಗಾದರೆ? ಮರದ ಮಾತು ಬಿಡಿ, ತೋಟದ ಅಂಚಿನಲ್ಲಿ ನಡೆಯುವುದೇ ಕಷ್ಟ.

ಸರ್ಜನ್ ರಿಪೋರ್ಟು ನೋಡಿ ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ ಚೀಟಿ ಹರಿದು ಹೊಸದು ಬರೆದರು: ಬಲಗಿವಿ. ಅವರ ಈ ನಡೆ ನನಗೆ ದೊಡ್ಡದು ಅನಿಸಿತು. ಬರೆದದ್ದನ್ನು ರೋಗಿಯ ಎದುರೇ ಬದಲಿಸುವುದು ಸುಲಭ ಅಲ್ಲ. ಗಂಡ ಹೆಂಡತಿ ಇಬ್ಬರನ್ನೂ ಕೂರಿಸಿ ಅರ್ಧ ಗಂಟೆ ಮಾತಾಡಿದೆವು. ಆಪರೇಷನ್ನೇ ಬೇಡ, ಎರಡೂ ಕಿವಿಗೆ ಹಿಯರಿಂಗ್ ಏಡ್ ಹಾಕಿಕೊಳ್ಳಬಹುದು ಎಂಬ ದಾರಿಯನ್ನೂ ಮುಂದಿಟ್ಟೆವು. ಬೆವರು, ಮಳೆ, ಔಷಧಿ ಹೊಡೆಯುವಾಗಿನ ಬೋರ್ಡೋ ದ್ರಾವಣ, ಇವುಗಳ ನಡುವೆ ಏಡ್ ಬಾಳುವುದಿಲ್ಲ ಎಂದು ಅವರಿಗೆ ಅನಿಸಿತು. ಬಲಗಿವಿಗೆ ಆಪರೇಷನ್, ಎಡಗಿವಿಯನ್ನು ಯಾವತ್ತೂ ಮುಟ್ಟುವುದಿಲ್ಲ, ಅದಕ್ಕೆ ಬೇಕಾದರೆ ಮನೆಯಲ್ಲಿ ಮಾತ್ರ ಏಡ್. ಹಾಗೆ ತೀರ್ಮಾನವಾಯಿತು.

ಏಪ್ರಿಲ್‌ನಲ್ಲಿ ಆಪರೇಷನ್ ಆಯಿತು. ಕಿವಿಗಷ್ಟೇ ಮರಗಟ್ಟಿಸಿದ್ದರು, ಅವರು ಎಚ್ಚರ ಇದ್ದರು. ನಾನೂ ಓಟಿಯಲ್ಲಿ ನಿಂತಿದ್ದೆ. ಎಚ್ಚರ ಇರುವುದೇ ಒಂದು ಪರೀಕ್ಷೆ. ತೂತು ಮಾಡುವ ಮೊದಲು, ಮಾಡಿದ ಮೇಲೆ, ಪಿಸ್ಟನ್ ಇಳಿಸುವಾಗ, ಪ್ರತಿ ಸಲವೂ ಸರ್ಜನ್ ಕೇಳುತ್ತಿದ್ದರು: ತಲೆ ತಿರುಗ್ತಾ ಇದೆಯಾ? ತಿರುಗಿದರೆ ಅಲ್ಲೇ ನಿಲ್ಲಿಸಬೇಕು. ಪಿಸ್ಟನ್ ಕೊಕ್ಕೆ ಬಿಗಿಯಾದ ಮೇಲೆ ಯಾರೋ ಟ್ರೇ ಮೇಲೆ ಚಿಮಟ ಇಟ್ಟರು. "ಅದೆಂಥದು ಶಬ್ದ?" ಅಂದರು. ಓಟಿಯಲ್ಲಿ ಎಲ್ಲರೂ ನಕ್ಕರು.

ಆಮೇಲಿನ ಪರೀಕ್ಷೆ ಮರುದಿನದಿಂದಲೇ ಶುರು. ಕಿವಿಯಲ್ಲಿ ಪ್ಯಾಕ್ ತುಂಬಿರುವಾಗ ಗಾಳಿಯ ದಾರಿ ಅಳೆದು ಪ್ರಯೋಜನ ಇಲ್ಲ. ಮೂಳೆಯ ದಾರಿ ಅಳೆಯಬಹುದು, ಅದೇ ಮುಖ್ಯ. ಒಳಕಿವಿಗೆ ಪೆಟ್ಟಾಗಿದ್ದರೆ 4000 ಹರ್ಟ್ಸ್ ಸುತ್ತ ಬೇಗ ಗೊತ್ತಾಗುತ್ತದೆ, ಕೂಡಲೇ ಸ್ಟೆರಾಯ್ಡ್ ಶುರು ಮಾಡಬಹುದು. ಇವರದ್ದು ಹಳೆಯ ಗೆರೆಗೆ 5 ಡೆಸಿಬಲ್ ಒಳಗೇ ಇತ್ತು. ಕಣ್ಣಿನಲ್ಲಿ ಸಣ್ಣ ಅದುರು ಎರಡು ದಿನ ಇತ್ತು, ಮೂರನೇ ದಿನ ಹೋಯಿತು. ನಾಲಿಗೆಯ ಬಲ ಅಂಚಿಗೆ ರುಚಿ ಇರಲಿಲ್ಲ, ಎಲೆ ಅಡಿಕೆಯ ಕವಳ ಸಪ್ಪೆ ಎಂದು ಬೇಜಾರು ಪಟ್ಟುಕೊಂಡರು. ರುಚಿಯ ನರ ನಡುಕಿವಿಯಲ್ಲೇ ಹಾದು ಹೋಗುವುದರಿಂದ ಇದು ಮಾಮೂಲು, ಕೆಲವು ವಾರದಲ್ಲಿ ತಿರುಗಿ ಬಂತು.

19ನೇ ದಿನ ಮೊದಲ ಬಸ್ಸಿಗೆ ಬಂದರು. ಮುಖ ಬಾಡಿತ್ತು. ರಾತ್ರಿ ಬಲಕ್ಕೆ ಹೊರಳಿದಾಗ ಕೋಣೆಯೇ ಗಿರಗಿರ ತಿರುಗಿತಂತೆ. "ಆ ಕಿವಿ ಹೋಯ್ತಾ ಮೇಡಂ?" ನನ್ನ ಎದೆಯೂ ಹೊಡೆದುಕೊಂಡಿತು. ಪಿಸ್ಟನ್ ಪಕ್ಕದಿಂದ ಒಳಕಿವಿಯ ದ್ರವ ಸೋರುತ್ತಿರಬಹುದು. ಗಾಯ ಮಾಯುವಾಗ ಮಾಂಸ ಬೆಳೆದು ಒಳಕಿವಿಗೆ ಒತ್ತುತ್ತಿರಬಹುದು. ಎರಡೂ ಕೆಟ್ಟವೇ, ಎರಡಕ್ಕೂ ಕಿವಿಯನ್ನು ಮತ್ತೆ ತೆರೆಯಬೇಕಾಗಬಹುದು.

ಆಗ ಕೈ ಹಿಡಿದದ್ದು ಹಳೆಯ ಹಾಳೆಗಳು. ಮೂಳೆಯ ದಾರಿ ಮತ್ತೆ ಅಳೆದೆ. ಮಾರ್ಚ್‌ನ ಗೆರೆ ಪಕ್ಕದಲ್ಲಿಟ್ಟು ನೋಡಿದೆ: ಎಲ್ಲೂ ಇಳಿದಿಲ್ಲ. ಕತ್ತಲೆ ಕನ್ನಡಕ ಹಾಕಿ ಸುಮ್ಮನೆ ಕೂರಿಸಿದರೆ ಕಣ್ಣು ಅದುರುವುದಿಲ್ಲ. ದ್ರವ ಸೋರಿಕೆ, ಊತ ಯಾವುದಕ್ಕೂ ಇದು ಒಪ್ಪುವುದಿಲ್ಲ. ಸರ್ಜನ್ ಕಿವಿ ನೋಡಿ ಒಪ್ಪಿಗೆ ಕೊಟ್ಟ ಮೇಲೆ, ತಲೆಯನ್ನು ಬಲಕ್ಕೆ ತಿರುಗಿಸಿ ಹಿಂದಕ್ಕೆ ನಿಧಾನ ಮಲಗಿಸಿದೆ. ಮೂರು ನಾಲ್ಕು ಸೆಕೆಂಡ್ ಏನೂ ಇಲ್ಲ. ಆಮೇಲೆ ಕಣ್ಣು ತಿರುಚಿಕೊಂಡು ಮೇಲಕ್ಕೆ ಜಿಗಿಯತೊಡಗಿತು, ಇಪ್ಪತ್ತು ಸೆಕೆಂಡ್ ಹೊತ್ತು, ಆಮೇಲೆ ನಿಂತಿತು. ಬಿಪಿಪಿವಿ, ಅಂದರೆ ತಲೆಯ ಭಂಗಿ ಬದಲಾದಾಗ ಬಂದು ಹೋಗುವ ತಲೆಸುತ್ತು. ಒಳಕಿವಿಯ ಚೀಲದಿಂದ ಸುಣ್ಣದ ಹರಳು ಕಳಚಿ ಹಿಂದಿನ ನಾಳಕ್ಕೆ ಬಿದ್ದಿತ್ತು. ಸ್ಟೇಪೀಸ್ ಆಪರೇಷನ್ ಆದ ಮೇಲೆ ಇದು ಆಗುವುದುಂಟು. ಬಲಗಿವಿಯ ಹಿಂದಿನ ನಾಳ ಗಟ್ಟಿ ಇದೆ ಎಂದು ಮೊದಲೇ ಬರೆದಿಟ್ಟಿದ್ದೆವಲ್ಲ, ಇಲ್ಲದಿದ್ದರೆ "ಸತ್ತ ಕಿವಿಯಲ್ಲಿ ಇದು ಹೇಗೆ" ಎಂದು ತಲೆ ಕೆಡಿಸಿಕೊಳ್ಳುತ್ತಿದ್ದೆ. ಎಪ್ಲಿ ವಿಧಾನದಲ್ಲಿ ತಲೆಯನ್ನು ಹಂತ ಹಂತವಾಗಿ ತಿರುಗಿಸಿ ಹರಳನ್ನು ವಾಪಸ್ ಕಳಿಸಿದೆ. ಹತ್ತು ನಿಮಿಷದ ಕೆಲಸ. ಮುಂದಿನ ವಾರ ತಲೆಸುತ್ತು ಇರಲಿಲ್ಲ.

ಆರನೇ ವಾರದ ಆಡಿಯೋಗ್ರಾಮ್: ಬಲಗಿವಿ ಗಾಳಿ 28, ಮೂಳೆ 18. ಅಂತರ 10. ಈ ಆಪರೇಷನ್‌ಗೆ ಯಶಸ್ಸಿನ ಗೆರೆಯೇ 10. ಮೂಳೆಯ ದಾರಿ 21ರಿಂದ 18ಕ್ಕೆ ಬಂದದ್ದು ನೋಡಿ ಒಳಕಿವಿಯೇ ಸುಧಾರಿಸಿತು ಎಂದುಕೊಳ್ಳಬಾರದು. 2000 ಹರ್ಟ್ಸಿನ ಆ ತಗ್ಗು ಕಚ್ಚಿಕೊಂಡ ಮೂಳೆಯಿಂದ ಬಂದದ್ದು, ಮೂಳೆ ಬಿಟ್ಟಾಗ ಹೋಯಿತು. ವಿ-ಹಿಟ್ ಎಡಗಡೆ 0.94, ಬಲಗಡೆ 0.34. ಮೊದಲಿದ್ದಂತೆಯೇ. ನೀರಿನ ಪರೀಕ್ಷೆ ಮತ್ತೆ ಮಾಡಲಿಲ್ಲ. ತಿಳಿಯಬೇಕಾದದ್ದು ತಿಳಿದಾಗಿತ್ತು.

ಪ್ರತಿ ಕಿವಿ ಆಪರೇಷನ್‌ಗೂ ಇಷ್ಟೆಲ್ಲ ಬೇಕು ಎಂದು ನಾನು ಹೇಳುವುದಿಲ್ಲ. ಎಷ್ಟೋ ಊರಿನಲ್ಲಿ ವಿ-ಹಿಟ್ ಇಲ್ಲ, ಇರುವಲ್ಲಿ ಸಮಯ ಇಲ್ಲ. ಆದರೆ ಒಳಕಿವಿಯ ಗೋಡೆ ಮುಟ್ಟುವ ಆಪರೇಷನ್ ಇದ್ದರೆ, ಸ್ಟೇಪೀಸ್ ಇರಲಿ, ಕಾಕ್ಲಿಯರ್ ಇಂಪ್ಲಾಂಟ್ ಇರಲಿ, ತಲೆ ಹಿಡಿದು ತಿರುಗಿಸುವ ಆ ಎರಡು ನಿಮಿಷವನ್ನು ಯಾರೂ ಬಿಡಬಾರದು. ಮತ್ತೆ "ತಲೆ ಸುತ್ತುತ್ತಾ" ಎಂದು ಕೇಳುವ ಬದಲು "ಕತ್ತಲಲ್ಲಿ ಹೇಗೆ ನಡೀತೀರಿ" ಎಂದು ಕೇಳಬೇಕು. ನಾನು ಈಗ ಹಾಗೇ ಕೇಳುತ್ತೇನೆ.

ಅಕ್ಟೋಬರಿನಲ್ಲಿ, ಕೊಯ್ಲಿಗೆ ಮುಂಚೆ, ಕೊನೆಯ ಸಲ ಬಂದರು. ಮರ ಹತ್ತುವುದು ಬಿಡಿ ಎಂದು ನಾನು ಮೊದಲೇ ಹೇಳಿದ್ದೆ. ಪೂರ್ತಿ ಬಿಟ್ಟಿಲ್ಲ ಎಂದು ಅವರ ಮುಖ ನೋಡಿಯೇ ಗೊತ್ತಾಯಿತು. ಮಳೆಗಾಲದಲ್ಲಿ ಔಷಧಿ ಮಾತ್ರ ಕಾರ್ಬನ್ ಫೈಬರ್ ದೋಟಿಯಲ್ಲಿ ನೆಲದಿಂದಲೇ ಹೊಡೆದರಂತೆ. ಕೊಯ್ಲಿಗೂ ಆದಷ್ಟು ಅದನ್ನೇ ಬಳಸುವುದಾಗಿ, ಬೇರೆಯವರು ಮರ ಹತ್ತಿದಾಗ ತಾನು ಕೆಳಗೆ ನಿಂತು ಕೊನೆ ಹಿಡಿಯುವುದಾಗಿ ಹೇಳಿದರು. ಈಗ ಮೇಲಿನವರು ಕೂಗಿದ್ದು ಕೇಳುತ್ತದೆ.

ಸಂಕದ ಬಗ್ಗೆ ಹೆಂಡತಿಯನ್ನು ಕೇಳಿದೆ. "ಈಗ್ಲೂ ಹಿಡ್ಕಳ್ತಾರೆ. ಮೊದ್ಲು ಕತ್ಲಲ್ಲಿ ನಾ ಏನಂದ್ರೂ ಕೇಳ್ತಿರ್ಲಿಲ್ಲ, ಸುಮ್ನೆ ದಾಟ್ತಿದ್ವಿ. ಈಗ ದಿಮ್ಮಿ ಎಲ್ಲಿ ಜಾರ್ತದೆ ಅಂತ ಹೇಳ್ತಾ ಹೋಗ್ತೀನಿ."

ಅವರ ಫೈಲಿನ ಮೇಲೆ ಕೆಂಪು ಪೆನ್ನಿನಲ್ಲಿ ದೊಡ್ಡದಾಗಿ ಬರೆದು ಕೊಟ್ಟೆ: ಸಮತೋಲ ಸರಿ ಇರುವುದು ಎಡಗಿವಿ ಒಂದೇ, ಆಪರೇಷನ್ ಮಾಡುವ ಮುಂಚೆ ಈ ಹಾಳೆಗಳನ್ನು ನೋಡಿ. ಆಕೆ ಅದನ್ನು ರೇಷನ್ ಕಾರ್ಡಿನ ಪ್ಲಾಸ್ಟಿಕ್ ಕವರಿನೊಳಗೆ ಮಡಚಿ ಇಟ್ಟುಕೊಂಡರು.